ಸ್ಪೇನಿಗೆ ತಾಲೀಮು

ಒಂಟಿಕೊಪ್ಪಲಿನ ಸಿದ್ದಲಿಂಗಸ್ವಾಮಿಯವರು ಸ್ಪೇನ್ ದೇಶವನ್ನು ತಮ್ಮ ಕಾಂಪೌಂಡಿನ ಮೇಲೆ ಬರೆಸಿದ ದಿನ ಪೋರ್ಚುಗಲ್ಲಿಗೆ ಜಾಗ ಸಾಲಲಿಲ್ಲ.

ತಪ್ಪು ಗೋಡೆಯದ್ದಲ್ಲ. 'ಖಾಸಗಿ ಸಾಂಸ್ಕೃತಿಕ ಪರಂಪರಾ ಪ್ರವಾಸ' ಅನ್ನುವಷ್ಟಕ್ಕೇ ಮುಕ್ಕಾಲು ಗೋಡೆ ತೀರಿತ್ತು. ಸ್ಪೇನ್ ಬರೆಯುವ ಹೊತ್ತಿಗೆ ಗೇಟು ಬಂತು. ಬೋರ್ಡು ಬರೆಯುವವನು ಅರ್ಧಕ್ಕೆ ಕೈಬಿಡುವ ಆಸಾಮಿಯಲ್ಲ. ಗೇಟು ದಾಟಿ ಹೋಗಿ ಪಕ್ಕದ ಮನೆ ಕೃಷ್ಣಸ್ವಾಮಿಯವರ ಗೋಡೆಯ ಮೇಲೆ 'ಮತ್ತು ಪೋರ್ಚುಗಲ್' ಅಂತ ಬರೆದು, ಕೆಳಗೊಂದು ಹೂಬಳ್ಳಿಯನ್ನೂ ಎಳೆದು, ಸ್ವಾಮಿಯವರ ಹೆಂಡತಿ ಗಿರಿಜಾಂಬಾ ಕೊಟ್ಟ ಕಾಫಿ ಕುಡಿದು ಹೊರಟುಹೋದ.

ಸಂಜೆ ವಾಕಿಂಗ್ ಮುಗಿಸಿ ಬಂದ ಕೃಷ್ಣಸ್ವಾಮಿ ತಮ್ಮ ಗೋಡೆಯ ಮುಂದೆ ಬಹಳ ಹೊತ್ತು ನಿಂತರು.

"ಏನ್ರೀ ಸ್ವಾಮಿ ಇದು, ನಮ್ಮನೆ ಮೇಲೆ ಪೋರ್ಚುಗಲ್ ಬಂದ್ಬಿಟ್ಟಿದೆ?"

"ನಾಳೇನೇ ಸುಣ್ಣ ಹೊಡೆಸಿ ಅಳಿಸಿಬಿಡ್ತೀನಿ ಕಣ್ರೀ."

"ಅಳಿಸೋದ್ಯಾಕೆ ಬಿಡಿ. ಪಾಪ, ಅಷ್ಟು ದೂರದಿಂದ ಬಂದಿದೆ. ನಂದೂ ನಮ್ಮನೆಯವಳು ಚಾಮುಂಡೇಶ್ವರೀದೂ ಹೆಸರು ಬರ್ಕೊಳ್ಳಿ. ಗೋಡೆ ಕೊಟ್ಟು ನಾವೇ ಹೋಗದಿದ್ರೆ ಬೀದಿಯವರು ಏನಂದ್ಕೊಂಡಾರು?"

ಹೀಗೆ ಮೊದಲ ಇಬ್ಬರು ಗಿರಾಕಿಗಳು ಗೋಡೆಯ ಕೃಪೆಯಿಂದ ಸಿಕ್ಕಿದರು. ಸ್ವಾಮಿಯವರಿಗೆ ಯಾತ್ರೆ ಹೊಸದಲ್ಲ. ಕಾಶಿ, ರಾಮೇಶ್ವರ, ಶ್ರೀಶೈಲ ಅಂತ ಬಸ್ಸು ಕಟ್ಟಿಕೊಂಡು, ಜೊತೆಗೆ ಅಡಿಗೆಯವರನ್ನೂ ಹಿಟ್ಟಿನ ಡಬ್ಬಗಳನ್ನೂ ಹೇರಿಕೊಂಡು ಎಷ್ಟೋ ಸಲ ಹೋಗಿಬಂದವರು. ಆದರೆ ಈಚೆಗೆ ಕಾಶಿಗೆ ಜನ ತಾವೇ ರೈಲು ಹತ್ತಿ ಹೋಗುತ್ತಿದ್ದರು. ಅಂಥ ಹೊತ್ತಿನಲ್ಲಿ ಬೆಂಗಳೂರಿನ ಕಂಪನಿಯೊಂದು, "ಟಿಕೆಟ್ಟು, ವೀಸಾ, ಹೋಟೆಲ್ಲು ನಮ್ಮದು. ನೀವು ಸೇರಿ ಐದು ಜನ ಆದರೆ ಸಾಕು, ಮುಂದಾಳು ನೀವೇ" ಅಂದಿತ್ತು. ಮುಂದಾಳು ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ಸ್ವಾಮಿಯವರಿಗೆ ಮಿಕ್ಕದ್ದೇನೂ ಕೇಳಿಸಲಿಲ್ಲ. ಹಾಲಿನ ಬೂತಿನಲ್ಲಿ, ಕಟಿಂಗ್ ಶಾಪಿನಲ್ಲಿ, ಮಠದ ದಾಸೋಹದ ಪಂಕ್ತಿಯಲ್ಲಿ ಸುದ್ದಿ ಹಬ್ಬಿತು. 'ಏನ್ ಸ್ಪೇನ್ ಸ್ವಾಮೇರೇ, ಯಾವಾಗ ಪ್ರಯಾಣ?' ಅಂತ ಜನ ಕೇಳತೊಡಗಿದರು.

ಕೃಷ್ಣಸ್ವಾಮಿ ದಂಪತಿ, ಸ್ವಾಮಿಯವರು, ಗಿರಿಜಾಂಬಾ, ಅಲ್ಲಿಗೆ ನಾಲ್ಕಾಯಿತು. ಐದನೆಯವರು ಸಿಗದಿದ್ದರೆ ಪ್ರವಾಸವೇ ಇಲ್ಲ. ಗೋಡೆಗೆ ಸುಣ್ಣ, ಸ್ವಾಮಿಯವರ ಮುಖಕ್ಕೆ ಮಸಿ.

ಐದನೆಯವರಾಗಿ ಬಂದವರು ಕುಂಬಾರಕೊಪ್ಪಲಿನ ದೇವಿರಮ್ಮ. ಹೂಟಗಳ್ಳಿಯಲ್ಲಿದ್ದ ಅವರ ಹೊಲ ಸೈಟುಗಳಾಗಿ, ಕೈಯಲ್ಲಿ ನಾಲ್ಕು ಕಾಸು ಆಡುತ್ತಿತ್ತು. ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ನಂಜನಗೂಡು ಬಿಟ್ಟು ಬೇರೆ ಊರು ಕಂಡವರಲ್ಲ. ಆದರೆ ಅವರ ಅಡಿಗೆಮನೆಯಲ್ಲಿ ಸಿಮೆಂಟು ಅಂಗಡಿಯವರು ಯಾವಾಗಲೋ ಕೊಟ್ಟ ಕ್ಯಾಲೆಂಡರೊಂದಿತ್ತು. ವರ್ಷಗಳು ಹರಿದುಹೋಗಿ ಚಿತ್ರ ಮಾತ್ರ ಉಳಿದಿತ್ತು. ಅದನ್ನು ಸುರುಳಿ ಸುತ್ತಿಕೊಂಡು, ತಮ್ಮ ನಂಜಯ್ಯನನ್ನು ಜೊತೆಗಿಟ್ಟುಕೊಂಡು ಬಂದರು.

"ಅಯ್ನೋರೇ, ಈ ಕಲ್ಲಿನ ಸಿಂಹಗೋಳು ಬಾಯಲ್ಲಿ ನೀರು ಬಿಡ್ತಾವಲ್ಲ, ಇದು ಎಲ್ಲದೆ?"

"ಗ್ರಾನಡಾ ಅಂತ ಊರು ತಾಯಿ. ಸ್ಪೇನಲ್ಲೇ ಇದೆ. ಅರಮನೆ ಅಂಗಳ ಅದು."

"ನೀವು ಕಣ್ಣಾರೆ ನೋಡಿದ್ದೀರಾ?"

'ಇಲ್ಲ' ಅನ್ನುವ ಎರಡಕ್ಷರ ಸ್ವಾಮಿಯವರ ಗಂಟಲ ತನಕ ಬಂದಿತ್ತು. ಆದರೆ ನಂಜಯ್ಯ ಮೀಸೆಯ ತುದಿ ಹಿಡಿದು ನೆಟ್ಟ ನೋಟದಿಂದ ನೋಡುತ್ತಿದ್ದ. ಅಂಥ ನೋಟದ ಮುಂದೆ ನಿಜ ಹೇಳುವುದಕ್ಕೆ ಬಹಳ ಧೈರ್ಯ ಬೇಕು.

"ನೋಡದೆ ಏನು! ಅಂಗೈ ನೋಡಿಕೊಂಡ ಹಾಗೆ."

ಒಳಗೆ ಅಕ್ಕಿ ಆರಿಸುತ್ತಿದ್ದ ಗಿರಿಜಾಂಬಾ ಅವರ ಕೈಯಿಂದ ಮೊರ ಜಾರಿತು.

"ಅಕ್ಕ, ಉಸಾರು," ಅಂದ ನಂಜಯ್ಯ. "ನೀನು ಸ್ಪೇನು ನೋಡಿಲ್ಲ. ನಿನ್ನ ಯಾವುದೋ ಗೋವಾಕ್ಕೆ ಇಳಿಸಿ ಇದೇ ಸ್ಪೇನು ಅಂದ್ರೆ ನಿಂಗೇನು ಗೊತ್ತಾಯ್ತದೆ?"

"ಸುಮ್ಕಿರೋ ನಂಜ. ನೋಡಿ ಅಯ್ನೋರೇ, ನಾನು ಒಬ್ಬಂಟಿ ಎಂಗಸು. ನೀವು ಎಂಗೆ ಕರ್ಕೊಂಡೋಯ್ತೀರಿ, ಎಂಗೆ ತೋರಿಸ್ತೀರಿ ಅಂತ ಮೊದ್ಲು ನಂಗೆ ನಂಬಿಕೆ ಬರ್ಲಿ. ಆಮೇಲೆ ಊಂ ಅಂತೀನಿ."

ನಂಬಿಕೆಯನ್ನು ಎಲ್ಲಿಂದ ತರುವುದು? ಆ ಯೋಚನೆಯಲ್ಲೇ ಸ್ವಾಮಿಯವರು ಮಾರನೆಯ ಬೆಳಿಗ್ಗೆ ಸ್ಕೂಟರ್ ಹತ್ತಿ ಸಯ್ಯಾಜಿರಾವ್ ರಸ್ತೆಗೆ ಬಂದರೆ ಪೊಲೀಸರು ತಡೆದು ನಿಲ್ಲಿಸಿದರು. ದಸರಾ ಆನೆಗಳ ತಾಲೀಮು. ಅಂಬಾರಿ ಹೊರುವ ಆನೆಯ ಬೆನ್ನ ಮೇಲೆ ಅಂಬಾರಿಯ ಬದಲು ಮರಳಿನ ಮೂಟೆ ಕಟ್ಟಿ, ಬನ್ನಿಮಂಟಪದ ತನಕ ನಡೆಸಿಕೊಂಡು ಹೋಗುತ್ತಿದ್ದರು. ಮೈಸೂರಿನವರಿಗೆ ಇದು ಹುಟ್ಟಿದಾಗಿನಿಂದ ಕಂಡ ನೋಟ. ಸ್ವಾಮಿಯವರಿಗೆ ಮಾತ್ರ ಅವತ್ತು ಆನೆ ತಮಗೇ ಏನೋ ಹೇಳಿದ ಹಾಗಾಯಿತು.

"ಗಿರಿಜಾ, ಭಾನುವಾರ ತಾಲೀಮು!" ಅಂತ ಕೂಗಿಕೊಂಡೇ ಮನೆಗೆ ಬಂದರು. "ಮೈಸೂರನ್ನೇ ಸ್ಪೇನ್ ಅಂದ್ಕೊಂಡು ಒಂದು ದಿನ ಪೂರ್ತಿ ಸುತ್ತೋದು. ಫಿಲೋಮಿನಾ ಚರ್ಚು ಸೆವಿಲ್ ನಗರದ ಮಹಾ ಇಗರ್ಜಿ. ಅರಮನೆ ಗ್ರಾನಡಾ. ಬೆಟ್ಟದ ತಪ್ಪಲು ಲಿಸ್ಬನ್. ನನ್ನ ಮುಂದಾಳತ್ವ ದೇವಿರಮ್ಮ ಕಣ್ಣಾರೆ ನೋಡ್ಲಿ."

"ಮುಂದಾಳುಗಳು ಸ್ಪೇನ್ ನೋಡಿದ್ದು ಯಾವಾಗ ಅಂತ ಕೇಳಬಹುದಾ?"

"ಪುಸ್ತಕದಲ್ಲಿ ನೋಡಿದ್ದೀನಿ ಕಣೇ. ನೋಡೋದು ಅಂದ್ರೆ ಕಣ್ಣಿನಿಂದ ತಾನೇ? ಪುಸ್ತಕಾನೂ ಕಣ್ಣಿನಿಂದಲೇ ನೋಡೋದು. ಇನ್ನೊಂದು ಮಾತು. ಎಲ್ಲರ ಸೂಟ್‌ಕೇಸಿಗೂ ಮರಳು ತುಂಬಬೇಕು. ಎದುರು ಬೀದಿಯಲ್ಲಿ ಮನೆ ಕಟ್ಟಿಸ್ತಿರೋರನ್ನ ಕೇಳಿದ್ದೀನಿ."

"ಬಟ್ಟೆ ತುಂಬಿದ್ರೆ ಆಗಲ್ವೇನ್ರೀ?"

"ಆನೆ ಮೇಲೆ ಬಟ್ಟೆ ಹಾಕ್ತಾರೇನೇ? ತಾಲೀಮು ಅಂದ್ರೆ ಮರಳು."

ಮದುವೆಯಾಗಿ ಮೂವತ್ತು ವರ್ಷವಾದ ಹೆಂಗಸು ಎಲ್ಲಿ ಮಾತು ನಿಲ್ಲಿಸಬೇಕೆಂದು ಬಲ್ಲಳು. ಗಿರಿಜಾಂಬಾ ಜರಡಿ ತಂದು ಮರಳು ಸಾಣಿಸಿದರು. ಕಲ್ಲಿದ್ದರೆ ಸೂಟ್‌ಕೇಸಿನ ಒಳಬಟ್ಟೆ ಹರಿದೀತು ಅಂತ.

ಭಾನುವಾರ ಬೆಳಿಗ್ಗೆ ಅಶೋಕ ರಸ್ತೆಯಲ್ಲಿ ಓಡಾಡಿದವರು ಒಂದು ಅಪೂರ್ವ ಮೆರವಣಿಗೆಯನ್ನು ಕಂಡರು. ಮುಂದೆ ಕೊಡೆಯೊಂದನ್ನು ಬಾವುಟದ ಹಾಗೆ ಎತ್ತಿ ಹಿಡಿದ ಸಿದ್ದಲಿಂಗಸ್ವಾಮಿ. ಹಿಂದೆ ಮಂಕಿಟೋಪಿ, ಸ್ವೆಟರು, ಮಫ್ಲರುಗಳಲ್ಲಿ ಬೆವರು ಸುರಿಸುತ್ತಿದ್ದ ಕೃಷ್ಣಸ್ವಾಮಿ. 'ಅಲ್ಲಿ ಚಳಿ ಇರುತ್ತೆ, ಅಭ್ಯಾಸ ಆಗಲಿ' ಅಂತ ಮುಂದಾಳುಗಳ ಅಪ್ಪಣೆ. ಅವರ ಹಿಂದೆ ರೇಷ್ಮೆ ಸೀರೆಯ ಕೆಳಗೆ ಬಿಳಿ ಕ್ಯಾನ್‌ವಾಸ್ ಶೂ ತೊಟ್ಟ ಮೂವರು ಹೆಂಗಸರು, ಒಬ್ಬೊಬ್ಬರ ಕೈಯಲ್ಲೂ ಗಡಗಡ ಸದ್ದು ಮಾಡುವ ಒಂದೊಂದು ಸೂಟ್‌ಕೇಸು.

"ಎಲ್ಲರೂ ಕೇಳಿಸಿಕೊಳ್ಳಿ," ಅಂದರು ಸ್ವಾಮಿ, ಚರ್ಚಿನ ಮುಂದೆ ನಿಂತು. "ಸಂಜೆ ಆರರ ತನಕ ನಾವು ಮೈಸೂರಲ್ಲಿಲ್ಲ. ಪರಿಚಯದವರು ಸಿಕ್ಕಿದ್ರೂ ಮಾತಾಡಿಸಕೂಡದು. ಯಾರು ಕೇಳಿದ್ರೂ ನಾವು ಎಲ್ಲಿದ್ದೀವಿ? ಸ್ಪೇನಲ್ಲಿ. ಇದು ಸೆವಿಲ್ ನಗರ. ಈ ಇಗರ್ಜಿಯೊಳಗೆ ಅಮೆರಿಕ ಕಂಡುಹಿಡಿದ ಕೊಲಂಬಸನ ಗೋರಿ ಇದೆ."

ಗೇಟಿನಲ್ಲಿ ಬೀಡಿ ಸೇದುತ್ತಿದ್ದ ಕಾವಲುಗಾರ ಎದ್ದು ಬಂದ. "ಅಂಥೋರು ಯಾರೂ ಇಲ್ಲಿಲ್ಲ ಸ್ವಾಮಿ. ಬೆಳಿಗ್ಗೆಯಿಂದ ನಾನೇ ಇಲ್ಲಿದ್ದೀನಿ."

"ಸ್ವಾಮೀ," ಕೃಷ್ಣಸ್ವಾಮಿ ಮಂಕಿಟೋಪಿಯೊಳಗಿಂದ ಪಿಸುಗುಟ್ಟಿದರು, "ಇಲ್ಲಿ ಶೌಚಾಲಯ ಎಲ್ಲಿದೆ?"

"ಸೆವಿಲ್‌ನಲ್ಲೋ, ಮೈಸೂರಲ್ಲೋ?"

"ಯಾವುದು ಹತ್ರವೋ ಅದು!"

ಅವರು ಅತ್ತ ಓಡಿದರು. ಇತ್ತ ಹೂವಿನ ಬುಟ್ಟಿ ಹೊತ್ತು ಬರುತ್ತಿದ್ದ ಚಿಕ್ಕಮಾದಮ್ಮ, ದೇವಿರಮ್ಮನ ಎದುರುಮನೆಯವಳು, ನಡುರಸ್ತೆಯಲ್ಲೇ ನಿಂತುಬಿಟ್ಟಳು.

"ಅಕ್ಕೋ! ದೇವಿರಕ್ಕ! ಇದೇನಕ್ಕ ಈ ವೇಸ? ಪೆಟ್ಗೆ ಇಡ್ಕೊಂಡು ಎಲ್ಲಿಗೆ ಒಂಟೆ?"

ದೇವಿರಮ್ಮ ಮುಂದಾಳುಗಳ ಮುಖ ನೋಡಿದರು. ಮುಂದಾಳುಗಳು ಕೊಡೆ ಅಲ್ಲಾಡಿಸಿದರು. ಒಪ್ಪಿಕೊಂಡ ಮಾತಿಗೆ ತಪ್ಪುವ ಹೆಂಗಸಲ್ಲ ದೇವಿರಮ್ಮ.

"ಒಂಟಿಲ್ಲ ಕಣೆ, ಬಂದ್ಬುಟ್ಟಿವ್ನಿ. ನಾನೀಗ ಸ್ಪೇನಲ್ಲಿವ್ನಿ. ಮಾತಾಡಿಸಂಗಿಲ್ಲ, ಓಗು."

"ಯಾವಾಗ ಓದೆ?"

"ಬೆಳಿಗ್ಗೆ, ಇಡ್ಲಿ ತಿಂದ್ಕೊಂಡು."

ಚಿಕ್ಕಮಾದಮ್ಮ ಬುಟ್ಟಿ ಕೆಳಗಿಟ್ಟು ಗಲ್ಲದ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಆ ಬುಟ್ಟಿ ಮಾರ್ಕೆಟ್ಟು ಸೇರಲಿಲ್ಲ. ಆಟೋದಲ್ಲಿ ಸೀದಾ ಕುಂಬಾರಕೊಪ್ಪಲಿಗೆ ಹೋಯಿತು. ನಂಜಯ್ಯ ಜಗಲಿಯ ಮೇಲೆ ಕೂತು ಮುಖಕ್ಷೌರ ಮಾಡಿಸಿಕೊಳ್ಳುತ್ತಿದ್ದ.

"ಅಯ್ಯೋ ನಂಜಣ್ಣ, ಕೆಟ್ಟೆವು! ಒಂಟಿಕೊಪ್ಪಲ ಅಯ್ನೋರು ನಿಮ್ಮಕ್ಕನ್ನ ಚರ್ಚ್ ಮುಂದೆ ನಿಲ್ಸಿ ಇದೇ ಸ್ಪೇನು ಅಂತ ನಂಬ್ಸವ್ರೆ! ಆಯಮ್ಮ ಪೂರಾ ನಂಬವಳೆ! ನನ್ನ ಗುರ್ತೇ ಇಡೀಲಿಲ್ಲ!"

ನಂಜಯ್ಯನ ಅರ್ಧ ಮುಖದಲ್ಲಿ ಸೋಪಿನ ನೊರೆ ಇತ್ತು. ಮಿಕ್ಕ ಅರ್ಧ ಕೆಂಪಾಯಿತು. "ಗೋವಾಕ್ಕಾದ್ರೂ ಕರ್ಕೊಂಡೋಯ್ತಾನೆ ಅಂದ್ಕೊಂಡಿದ್ದೆ. ಬಡ್ಡಿಮಗ, ಅಸೋಕಾ ರೋಡಲ್ಲೇ ಮುಗಿಸ್ಬುಟ್ನಲ್ಲ!"

ನೊರೆಯ ಸಮೇತ ಆಟೋ ಹತ್ತಿದ. ಅವನ ಹಿಂದೆ ಇನ್ನೊಂದು ಆಟೋ, ಅದರಲ್ಲಿ ನೆಂಟರು. ಅದರ ಹಿಂದೆ ಸೈಕಲ್ಲುಗಳಲ್ಲಿ, ಏನೂ ಸಂಬಂಧವಿಲ್ಲದವರು. ಚರ್ಚಿನ ಕಾವಲುಗಾರ, "ಅವರಾ? ಈಗ ತಾನೇ ಗ್ರಾನಡಾಕ್ಕೆ ಹೋದ್ರು. ಅರಮನೆ ಕಡೆ ತಿರುಗಿದ್ರು" ಅಂತ ದಾರಿ ತೋರಿಸಿದ.

ಅರಮನೆಯ ಮುಂದೆ ತಾಲೀಮು ಮುಗಿಸಿ ಬಂದ ಆನೆಗಳ ಬಂದೋಬಸ್ತಿನಲ್ಲಿ ಒಂಟಿಕೊಪ್ಪಲ ಕಡೆಯ ಠಾಣೆಯ ಸಬ್‌ಇನ್‌ಸ್ಪೆಕ್ಟರ್ ಅನಂತಪದ್ಮನಾಭ ನಿಂತಿದ್ದರು. ನಂಜಯ್ಯ ಓಡಿಹೋಗಿ ಅವರ ಕಾಲಿಗೇ ಬಿದ್ದ.

"ಸಾಮಿ, ನಮ್ಮಕ್ಕನ್ನ ಸ್ಪೇನಿಗೆ ಕರ್ಕೊಂಡೋಗವ್ರೆ!"

"ಯಾವಾಗಯ್ಯ?"

"ಈಗ್ಲೇ ಸಾಮಿ. ಅಗೋ, ಅಲ್ಲವ್ಳೆ ನೋಡಿ!"

ಇನ್‌ಸ್ಪೆಕ್ಟರು ನೋಡಿದರು. ದ್ವಾರದ ಬಳಿ ಐದು ಜನ ಸೂಟ್‌ಕೇಸುಗಳ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಿದ್ದರು. ಬೆಳಿಗ್ಗೆ ಐದಕ್ಕೆ ಎದ್ದವರಿಗೆ ಇದೆಲ್ಲ ಕನಸೋ ಏನೋ ಅನ್ನಿಸಿರಬೇಕು. ಹತ್ತಿರ ಹೋಗಿ ಮೃದುವಾಗಿ ಕೇಳಿದರು.

"ಅಮ್ಮಾ, ಈಗ ನೀವು ಎಲ್ಲಿದ್ದೀರಿ, ಹೇಳಿ?"

ದೇವಿರಮ್ಮ ಇನ್‌ಸ್ಪೆಕ್ಟರ ಟೋಪಿ ನೋಡಿದರು, ಮುಂದಾಳುಗಳ ಕೊಡೆ ನೋಡಿದರು, ಸಂಜೆ ಆರಾಗಿಲ್ಲ ಅನ್ನುವುದನ್ನೂ ನೆನೆಸಿಕೊಂಡರು.

"ಗ್ರಾನಡಾದಲ್ಲಿ."

"ಇದಕ್ಕೂ ಮುಂಚೆ?"

"ಸೆವಿಲ್‌ನಲ್ಲಿ."

"ಅಲ್ಲಿಂದ ಇಲ್ಲಿಗೆ ಹೇಗೆ ಬಂದ್ರಿ?"

"ಆಟೋದಲ್ಲಿ. ಟೌನ್‌ಹಾಲ್ ತಾವ ಬೋ ಜನ. ಅದ್ಕೇ ತಡ ಆಯ್ತು."

"ನೋಡಿದ್ರಾ ಸಾಮಿ!" ಅಂತ ನಂಜಯ್ಯ ಎದೆ ಬಡಿದುಕೊಂಡ. "ತಲೇನೇ ಕೆಡಿಸ್ಬುಟ್ಟವ್ನೆ! ಆ ಪೆಟ್ಗೆಗೋಳ ಬಿಚ್ಚಿಸಿ, ಅದ್ರಾಗೇನದೆ ನೋಡಿ!"

ಬಿಚ್ಚಿಸಿದರು. ಮೊದಲನೆಯದರಲ್ಲಿ ಮರಳು. ಎರಡನೆಯದರಲ್ಲೂ ಮರಳು. ಮೂರನೆಯದರಲ್ಲಿ ಮರಳಿನ ಮೇಲೆ ಒಂದು ಉಪ್ಪಿನಕಾಯಿ ಬಾಟಲು. ಸುತ್ತ ನೆರೆದಿದ್ದ ಜನ ಆನೆ ಬಿಟ್ಟು ಇತ್ತ ತಿರುಗಿದರು. ಒಬ್ಬ ಮಾವುತ ಬಂದು ಮರಳು ಮುಟ್ಟಿ ನೋಡಿ, "ನಮ್ದಲ್ಲ ಸಾ, ಇದು ಜರಡಿ ಹಿಡಿದಿರೋ ಮರಳು" ಅಂದ. ಗಿರಿಜಾಂಬಾ ಸ್ವಲ್ಪ ಬೀಗಿದರು.

"ಎಲ್ಲರೂ ಜೀಪು ಹತ್ತಿ," ಅಂದರು ಇನ್‌ಸ್ಪೆಕ್ಟರು.

ಒಂಟಿಕೊಪ್ಪಲಿನ ಬೀದಿಗಳಲ್ಲಿ ಹಾದು ಠಾಣೆಗೆ ಹೋಗುವಾಗ ಹಾಲಿನ ಬೂತಿನವರು, ಕಟಿಂಗ್ ಶಾಪಿನವರು ಎಲ್ಲರೂ ಜೀಪಿನಲ್ಲಿ ಸ್ಪೇನ್ ಸ್ವಾಮಿಯವರನ್ನು ಕಂಡರು. ಸ್ವಾಮಿಯವರು ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದರು.

ಠಾಣೆಯಲ್ಲಿ ಅವರು ಮಾಡಿದ ಭಾಷಣ ಆ ಗೋಡೆಗಳು ಕೇಳಿದ ಶ್ರೇಷ್ಠ ಭಾಷಣಗಳಲ್ಲೊಂದು. "ಸ್ವಾಮೀ, ಮೈಸೂರಲ್ಲಿ ಆನೆ ಮರಳು ಹೊತ್ತರೆ ನೀವು ದಾರಿ ಬಿಡಿಸ್ತೀರಿ, ಮನುಷ್ಯ ಹೊತ್ತರೆ ಜೀಪು ಹತ್ತಿಸ್ತೀರಿ. ಇದು ಯಾವ ನ್ಯಾಯ? ಮೂರು ಮೈಲಿ ಹೋಗೋ ಆನೆಗೇ ತಿಂಗಳುಗಟ್ಟಲೆ ತಾಲೀಮು ಬೇಕಾದ್ರೆ, ಸಮುದ್ರ ದಾಟಿ ಹೋಗೋ ಕೃಷ್ಣಸ್ವಾಮಿಯವರಿಗೆ ಒಂದು ದಿನವಾದರೂ ಬೇಡವೇ?"

ಇನ್‌ಸ್ಪೆಕ್ಟರೂ ಮೈಸೂರಿನವರೇ. "ಸರಿ ಕಣ್ರೀ, ತಾಲೀಮು ಒಪ್ಪಿದೆ. ನೀವು ಸ್ಪೇನ್ ನೋಡಿದ್ದೀನಿ ಅಂದ್ರಂತಲ್ಲ, ಯಾವಾಗ ಹೋಗಿದ್ರಿ?"

"ಅದು... ಆಗಾಗ."

"ಹೆಸರು ಸಿದ್ದಲಿಂಗಸ್ವಾಮಿ, ಒಂಟಿಕೊಪ್ಪಲ್, ಅಲ್ವೇ?" ಇನ್‌ಸ್ಪೆಕ್ಟರು ಮೇಜಿನ ಮೇಲಿನ ಕಾಗದಗಳನ್ನು ಕೆದಕಿದರು. "ನೋಡಿ, ನಿಮ್ಮ ಪಾಸ್‌ಪೋರ್ಟ್ ವಿಚಾರಣೆ ನನ್ನ ಹತ್ರಾನೇ ಬಂದು ಕೂತಿದೆ. ಇದೇ ಮೊದಲನೇ ಪಾಸ್‌ಪೋರ್ಟು. ಹಾಗಾದ್ರೆ ಆಗಾಗ ಹೋಗಿದ್ದು ಈಜಿಕೊಂಡೋ? ಇಲ್ಲಿ 'ಅರ್ಜಿದಾರರ ನಡತೆ' ಅನ್ನೋ ಜಾಗ ಖಾಲಿ ಇದೆ. ಏನಂತ ಬರೀಲಿ, ನೀವೇ ಹೇಳಿ."

ಸ್ವಾಮಿಯವರು ತಲೆ ತಗ್ಗಿಸಿದರು.

"ನೋಡಿಲ್ಲ ಸ್ವಾಮಿ. ನಾನು ಸ್ಪೇನ್ ನೋಡೇ ಇಲ್ಲ."

"ಆಹಾ!" ಅಂತ ನಂಜಯ್ಯ ಎದ್ದು ನಿಂತ. "ಬಾ ಅಕ್ಕ, ಮನೆಗೆ ಓಗನ."

ಆದರೆ ದೇವಿರಮ್ಮ ಏಳಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗಲು ಶುರುಮಾಡಿದರು. ಮೈಯೆಲ್ಲ ಕುಲುಕಿತು, ಬೆಂಚು ಕಿರುಗುಟ್ಟಿತು. "ನಾನೂ ನೋಡಿಲ್ಲ, ನೀವೂ ನೋಡಿಲ್ಲ, ಆ ಮಂಕಿಟೋಪಿಯೋರೂ ನೋಡಿಲ್ಲ! ಕಣ್ಣಿಲ್ದ ಕುಲ್ಡರೆಲ್ಲ ಸೇರ್ಕೊಂಡು ಎಂಥ ಜಾತ್ರೆ ಮಾಡುದ್ವು! ನಾನು ಇಂಗೆ ನಕ್ಕು ಏಸು ವರ್ಸ ಆಗಿತ್ತೋ!"

ಬೆಂಚಿನ ಆ ತುದಿಯಲ್ಲಿ ಇಷ್ಟು ಹೊತ್ತೂ ಒಬ್ಬ ಬಿಳಿಯ ಹುಡುಗಿ ಕೂತಿದ್ದಳು. ಯೋಗ ಕಲಿಯಲು ಗೋಕುಲಂಗೆ ಬಂದು ಮನೆ ಮಾಡಿಕೊಂಡಿರುವ ಪರದೇಶದವರಲ್ಲಿ ಒಬ್ಬಳು. ಹೆಸರು ಲೂಸಿಯಾ. ಬಾಡಿಗೆ ಸ್ಕೂಟರು ಕಳೆದುಹೋಗಿತ್ತೆಂದು ದೂರು ಕೊಡಲು ಬಂದವಳು. ಕನ್ನಡ ಬಾರದಿದ್ದರೂ ನಡುನಡುವೆ ಬರುತ್ತಿದ್ದ ಊರಿನ ಹೆಸರುಗಳಿಗೆ ಕಿವಿ ನಿಮಿರಿಸಿದ್ದಳು. ಈಗ ಇಂಗ್ಲಿಷಿನಲ್ಲಿ ಇನ್‌ಸ್ಪೆಕ್ಟರನ್ನು ಏನೋ ಕೇಳಿದಳು. ಇನ್‌ಸ್ಪೆಕ್ಟರ ಹುಬ್ಬು ಟೋಪಿಯ ಒಳಕ್ಕೆ ಹೋಯಿತು.

"ನೋಡ್ರಪ್ಪ, ಈ ಹೆಣ್ಣುಮಗಳು ಸೆವಿಲ್‌ನವಳೇ ಅಂತೆ. ಅಲ್ಲಿ ಇವಳ ಕಸುಬೇ ಊರು ತೋರಿಸೋದಂತೆ! ಬಸ್ಸಿಲ್ಲ, ಮೈಕಿಲ್ಲ, ನಾಲ್ಕೇ ಜನ ಕರ್ಕೊಂಡು ಗಲ್ಲಿಗಲ್ಲಿ ನಡೆಸಿಕೊಂಡು ಹೋಗೋದಂತೆ."

ಸ್ವಾಮಿಯವರು ಸಾಕ್ಷಿ ಸಿಕ್ಕ ಕಳ್ಳನ ಹಾಗೆ ಕುಗ್ಗಿದರು. ಆಮೇಲೆ ಅರ್ಧ ಗಂಟೆ ಆ ಠಾಣೆಯಲ್ಲಿ ಸರ್ಕಾರದ ಕೆಲಸ ನಡೆಯಲಿಲ್ಲ. ದೇವಿರಮ್ಮ ಕೇಳುವುದು, ಇನ್‌ಸ್ಪೆಕ್ಟರು ಇಂಗ್ಲಿಷಿಗೆ ತಿರುಗಿಸುವುದು, ಲೂಸಿಯಾ ಕೈ ಕಣ್ಣು ಭುಜ ಎಲ್ಲದರಿಂದಲೂ ಉತ್ತರ ಕೊಡುವುದು.

"ಅಲ್ಲಿ ಕುರಿ ಬಾಡು ಸಿಕ್ತದಾ ಕೇಳಿ."

"ಸಿಗುತ್ತಂತೆ."

"ಮಂಡಿ ನೋವಾದ್ರೆ ಕೂರಕ್ಕೆ ಬಿಡ್ತಳಾ?"

"ಬೀದಿಬೀದಿಗೂ ಕಿತ್ತಳೆ ಮರದ ಕೆಳಗೆ ಕಟ್ಟೆ ಇದೆಯಂತೆ. ಅವರಮ್ಮನಿಗೂ ಮಂಡಿ ನೋವಂತೆ."

"ಈ ಅಯ್ನೋರ ತಾಲೀಮು ಸರಿಯೋ ತಪ್ಪೋ, ಅದ್ನೂ ಕೇಳ್ಬುಡಿ."

ಲೂಸಿಯಾ ಮರಳಿನ ಸೂಟ್‌ಕೇಸು ಎತ್ತಿ ನೋಡಿ, ಇಳಿಸಿ, ಸ್ವಾಮಿಯವರ ಕೈ ಕುಲುಕಿದಳು. "ಇಷ್ಟು ಕಷ್ಟಪಟ್ಟು ನಮ್ಮೂರಿಗೆ ಬರೋಕೆ ಹೊರಟವರನ್ನ ನಾನು ಕಂಡೇ ಇಲ್ಲ ಅಂತಾಳೆ," ಅಂದರು ಇನ್‌ಸ್ಪೆಕ್ಟರು. "ಆದ್ರೆ ನಿಮ್ಮ ಕಂಪನಿಯವರ ಇಂಗ್ಲಿಷ್ ಚೀಟಿಯಲ್ಲಿ ಆರು ದಿನಕ್ಕೆ ಐದು ಊರು ಅಂತ ಇದೆಯಲ್ಲ, ಊಟ ಯಾವಾಗ ಅಂತ ಕೇಳ್ತಿದಾಳೆ."

ಆ ಸಂಜೆಯೇ ತೀರ್ಮಾನವಾಯಿತು. ದೇವಿರಮ್ಮ ಹೊರಡುವುದು ಖಂಡಿತ. ಲೂಸಿಯಾ ದೀಪಾವಳಿಗೆ ಮೊದಲೇ ಊರಿಗೆ ಹಿಂತಿರುಗುತ್ತಾಳೆ, ಅಲ್ಲಿ ತೋರಿಸುವುದು ಅವಳು. "ಆದ್ರೆ ಕರ್ಕೊಂಡೋಗೋರು ಅಯ್ನೋರೇ," ಅಂದರು ದೇವಿರಮ್ಮ. "ನನ್ನ ಈ ಪಾಟಿ ನಗಿಸ್ದೋರನ್ನ ಬುಟ್ಟೋಗಕ್ಕಾಯ್ತದಾ?" ಸ್ವಾಮಿಯವರ ಕಣ್ಣು ತೇವವಾಯಿತು. ಗೋಡೆ ಉಳಿಯಿತು.

ಉಳಿಯದೆ ಹೋದದ್ದು ಒಂದೇ. ಇನ್‌ಸ್ಪೆಕ್ಟರು ನಡತೆಯ ಜಾಗದಲ್ಲಿ 'ಉತ್ತಮ' ಅಂತ ಬರೆದರೂ, ನಂಜಯ್ಯ ಕೊಟ್ಟ ದೂರಿನ ಪ್ರತಿಯೊಂದು ಅದರ ಬೆನ್ನಿಗೆ ಅಂಟಿಕೊಂಡು ಬೆಂಗಳೂರಿಗೆ ಹೋಯಿತು. ದೂರು ವಾಪಸಾಗಿದೆ ಎಂಬ ಕಾಗದ ಅದರ ಹಿಂದೆ ಹೋಯಿತು. ಆ ಎರಡು ಕಾಗದಗ‌ಳು ಒಂದನ್ನೊಂದು ಭೇಟಿಯಾಗುವಷ್ಟರಲ್ಲಿ ನವೆಂಬರ್ ಬಂತು. ಎಲ್ಲರ ಪಾಸ್‌ಪೋರ್ಟೂ ಬಂತು, ವೀಸಾ ಬಂತು, ಮುಂದಾಳುಗಳದ್ದು ಮಾತ್ರ ಬರಲಿಲ್ಲ. ದೇವಿರಮ್ಮ, ಕೃಷ್ಣಸ್ವಾಮಿ ದಂಪತಿ, ಗಿರಿಜಾಂಬಾ, ನಾಲ್ವರೂ ವಿಮಾನ ಹತ್ತಿದರು. ಸ್ವಾಮಿಯವರು ಕಂಪನಿಯವರ ಕಾಲು ಹಿಡಿದು ನಾಲ್ಕಕ್ಕೇ ಒಪ್ಪಿಸಿ, ಬೆಂಗಳೂರಿನ ತನಕ ಹೋಗಿ ಕೈ ಬೀಸಿ ಬಂದರು.

ಮನೆಯಲ್ಲಿ ಒಬ್ಬರೇ. ಆದರೆ ಒಬ್ಬರೇ ಇರಲು ಬಿಟ್ಟವರಾರು? ಸುದ್ದಿ ಬರುವ ಫೋನು ಅವರ ಮನೆಯಲ್ಲಿತ್ತು. ದಿನವೂ ಸಂಜೆ ನಂಜಯ್ಯ ಬಂದು ಜಗಲಿಯಲ್ಲಿ ಕೂರುತ್ತಿದ್ದ, ಅಕ್ಕನ ಚಿಂತೆಯಲ್ಲಿ ಮೀಸೆ ಕಡಿಯುತ್ತ. ಚಿಕ್ಕಮಾದಮ್ಮ, ಹಾಲಿನ ಬೂತಿನವರು, ಕಟಿಂಗ್ ಶಾಪಿನವರು ಅಂಗಳದ ತುಂಬ. ಮೂರನೆಯ ದಿನ ಆರೂವರೆಗೆ ಫೋನು ಬಡಿದುಕೊಂಡಿತು. ಸ್ವಾಮಿಯವರು ಒಳಗೆ ಓಡಿದರು.

"ಗಿರಿಜಾ! ಎಲ್ಲಿದ್ದೀರಿ? ಇಗರ್ಜಿ ನೋಡಿದ್ರಾ? ಗೋರಿ? ಗೋಪುರ?"

"ಅದೆಲ್ಲ ನಾಳೆ ಅಂತೆ ಕಣ್ರೀ. ಲೂಸಿಯಾ ಅವರಮ್ಮ ಊಟಕ್ಕೆ ಕರೆದಿದ್ರು. ದೇವಿರಮ್ಮನವರು ಅವರ ಅಡಿಗೆಮನೇಲಿ ನಿಂತು ಮುದ್ದೆ ತೊಳಸ್ತಿದಾರೆ. ಬೀದಿ ಜನವೆಲ್ಲ ಕಿಟಕೀಲಿ ನಿಂತು ನೋಡ್ತಿದಾರೆ. ಕೃಷ್ಣಸ್ವಾಮಿಯವರು ಹಿಟ್ಟು ಜರಡಿ ಹಿಡೀತಿದಾರೆ. ಚಮಚ ಮುರೀತು, ಲೂಸಿಯಾ ಹೊಸದು ತರೋಕೆ ಹೋಗಿದಾಳೆ. ಇಡ್ಲಾ?"

ಫೋನು ಕಟ್ಟಾಯಿತು.

ಸ್ವಾಮಿಯವರು ಶಲ್ಯ ಸರಿಮಾಡಿಕೊಂಡು ಜಗಲಿಗೆ ಬಂದರು. ನಂಜಯ್ಯ ಮೀಸೆ ಬಿಟ್ಟು ಕತ್ತೆತ್ತಿದ.

"ಏನಂದ್ರು ಅಯ್ನೋರೇ? ನಮ್ಮಕ್ಕ ಏನ್ ನೋಡ್ತಾವ್ಳೆ?"

"ಈಗ ತಾನೇ ಮಹಾ ಇಗರ್ಜಿಯೊಳಗೆ ಕಾಲಿಟ್ಟರು," ಅಂದರು ಸ್ವಾಮಿ, ಆಕಾಶದ ಕಡೆ ಕೈ ಚಾಚಿ. "ಒಳಗೆ ಕಾಲಿಟ್ಟರೆ ತಂಪು. ಕತ್ತೆತ್ತಿದರೆ ಮಾಡು ಕಾಣಿಸೋದೇ ಇಲ್ಲ, ಅಷ್ಟು ಎತ್ತರ. ನಾಲ್ಕು ಜನ ರಾಜರು ಕಲ್ಲಾಗಿ ನಿಂತು, ಕೊಲಂಬಸನ ಶವಪೆಟ್ಟಿಗೆಯನ್ನ ಹೆಗಲ ಮೇಲೆ ಹೊತ್ತಿದಾರೆ. ಗೋಪುರಕ್ಕೆ ಮೆಟ್ಟಿಲಿಲ್ಲ ನಂಜಯ್ಯ, ಇಳಿಜಾರು! ಹಿಂದೆ ಅದರ ಮೇಲೆ ಕುದುರೆ ಏರಿಸ್ಕೊಂಡು ಹೋಗ್ತಿದ್ರು. ಮೇಲೆ ನಿಂತರೆ ಊರಿನ ಹೆಂಚು, ಕಿತ್ತಳೆ ತೋಟ, ಹೊಳೆ. ನಿಮ್ಮಕ್ಕ ಅಲ್ಲಿ ನಿಂತು ಗಾಳಿಗೆ ಸೆರಗು ಹಿಡ್ಕೊಂಡಿದಾರೆ..."

ಬೀದಿದೀಪ ಹತ್ತಿತು. ಯಾರೂ ಏಳಲಿಲ್ಲ. ನಂಜಯ್ಯನ ಮೀಸೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಸ್ವಾಮಿಯವರು ಮುಗಿಸಿದಾಗ ಅವನು ಮೆಲ್ಲಗೆ ಹತ್ತಿರ ಬಂದು, ಬೇರೆ ಯಾರಿಗೂ ಕೇಳಿಸದ ಹಾಗೆ, ನೊಂದ ದನಿಯಲ್ಲಿ ಕೇಳಿದ:

"ಅಲ್ಲ ಅಯ್ನೋರೇ, ಇಷ್ಟೆಲ್ಲ ಕಂಡೋರು, ಅವತ್ತು ಟೇಸನ್ನಲ್ಲಿ ನೋಡೇ ಇಲ್ಲ ಅಂತ ಯಾಕೆ ಸುಳ್ಳು ಏಳುದ್ರಿ?"